ಪಿಂಚಣಿ ಲೆಕ್ಕ ಹೇಳೋದು ಹೇಗೆ? ಪಾಸ್‌ಬುಕ್ ತೆರೆಸಿ, ಅಲ್ಲಿಂದ ಶುರು ಮಾಡಿ

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ನಿವೃತ್ತ ಹೈಸ್ಕೂಲ್ ಶಿಕ್ಷಕ. ನಮ್ಮೂರಿನ ನಿವೃತ್ತರ ಬಳಗದ ಕೆಲಸ ನೋಡಿಕೊಳ್ಳುತ್ತೇನೆ. ಹೋದ ವರ್ಷ ಪಿಂಚಣಿ, ಗ್ರಾಚ್ಯುಟಿ, ಕಮ್ಯುಟೇಷನ್, ಕುಟುಂಬ ಪಿಂಚಣಿ ಎಲ್ಲ ಸೇರಿಸಿ ಹನ್ನೆರಡು ಪುಟದ ಕೈಪಿಡಿ ಅಚ್ಚು ಹಾಕಿಸಿದೆವು. ನಿಯಮಗಳನ್ನು ಸರಿಯಾಗಿಯೇ ಬರೆದಿದ್ದೆವು. ಆದರೂ ದಿನಾ ಅದೇ ಫೋನು, ಅದೇ ಪ್ರಶ್ನೆ. ಕೈಪಿಡಿ ಕೈಗೆ ಕೊಟ್ಟರೆ "ಇದರಾಗ ನಂದು ಎಲ್ಲಿ ಅದ್ರಿ ಸರ?" ಅಂತ ಕೇಳುತ್ತಾರೆ. ಜನರಿಗೆ ತಿಳಿಯುವ ಹಾಗೆ ಬರೆಯೋದು ಹೇಗೆ?

ಉತ್ತರ: ಮಾಸ್ತರೇ, ನಿಮ್ಮ ಕೈಪಿಡಿಯ ತಪ್ಪು ಏನು ಅಂತ ನಿಮ್ಮ ಜನರೇ ಹೇಳಿಬಿಟ್ಟಿದ್ದಾರೆ. "ನಂದು ಎಲ್ಲಿ ಅದ?" ಅವರಿಗೆ ಬೇಕಾಗಿರೋದು ಅಷ್ಟೇ. ನೀವು ಕೊಟ್ಟಿದ್ದು ಸರ್ಕಾರದ ನಿಯಮ. ಅವರು ಹುಡುಕಿದ್ದು ತಮ್ಮ ರೊಕ್ಕ.

ಇದು ನಿಮ್ಮೊಬ್ಬರ ತಪ್ಪಲ್ಲ, ನಾನೂ ಮಾಡಿದ್ದೇನೆ. ಖಜಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ನವೆಂಬರ್‌ನಲ್ಲಿ ನಾನೇ ಒಂದು ನೋಟಿಸು ಬರೆದು ಗೋಡೆಗೆ ಅಂಟಿಸಿದ್ದೆ. "ಜೀವಿತ ಪ್ರಮಾಣಪತ್ರವನ್ನು ನಿಗದಿತ ಅವಧಿಯೊಳಗೆ ಸಲ್ಲಿಸದಿದ್ದಲ್ಲಿ ಪಿಂಚಣಿಯನ್ನು ತಡೆಹಿಡಿಯಲಾಗುವುದು" ಅಂತ. ಬರೆದಾಗ ಬಹಳ ಚೆನ್ನಾಗಿದೆ ಅನ್ನಿಸಿತ್ತು. ಮಾರನೇ ದಿನ ಒಬ್ಬ ಅಜ್ಜಿ ಅದರ ಕೆಳಗೆ ನಿಂತು, ಚಹಾ ತಂದ ಹುಡುಗನನ್ನು ನಿಲ್ಲಿಸಿ "ಏನ್ ಬರದಾರಪ್ಪಾ?" ಅಂತ ಕೇಳಿದಳು. ಅವನು ಒಮ್ಮೆ ಕಣ್ಣಾಡಿಸಿ ಹೇಳಿದ: "ಅಮ್ಮಾ, ಈ ತಿಂಗಳಾಗ ಬ್ಯಾಂಕಿಗೆ ಹೋಗಿ ಬೆರಳು ಒತ್ತಿ ಬಾ. ಇಲ್ಲಂದ್ರ ಮುಂದ ರೊಕ್ಕ ನಿಲ್ತದ." ಅಜ್ಜಿ ಕೇಳಿದಳು, "ನಿಂತಿದ್ದು ಹೋಗೇ ಬಿಡ್ತದೇನು?" ಹುಡುಗ ನನ್ನ ಕಡೆ ನೋಡಿದ. ನಾನು "ಇಲ್ಲ ಅಮ್ಮಾ, ಬೆರಳು ಒತ್ತಿದ ಮೇಲೆ ನಿಂತಿದ್ದೂ ಸೇರಿ ಬರುತ್ತೆ" ಅಂದೆ. ಆಗ ಆಕೆಯ ಮುಖ ಸಡಿಲಾಯಿತು.

ನನ್ನ ನೋಟಿಸಿನಲ್ಲಿ ಎಲ್ಲಿ ಹೋಗಬೇಕು ಅನ್ನೋದು ಇರಲಿಲ್ಲ. ಏನು ಮಾಡಬೇಕು ಅನ್ನೋದು ಇರಲಿಲ್ಲ. ತಪ್ಪಿದರೆ ಏನು ದಾರಿ ಅನ್ನೋದೂ ಇರಲಿಲ್ಲ. ಬರೀ ಹೆದರಿಕೆ ಇತ್ತು. ಚಹಾದ ಹುಡುಗನ ಮಾತನ್ನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಬೇಕಿತ್ತು. ಆಗ ಆ ಬುದ್ಧಿ ಇರಲಿಲ್ಲ.

ಹೊಸದಾಗಿ ಬರೆಯುವಾಗ ಮೊದಲ ಪುಟದಲ್ಲಿ ನಿಯಮ ಬೇಡ. ಪಾಸ್‌ಬುಕ್ಕಿನ ಒಂದು ಸಾಲು ಹಾಕಿ. ತಿಂಗಳ ಕೊನೆಗೆ ಖಾತೆಗೆ ಬಿದ್ದ ಮೊತ್ತ ಅದು. ಆ ಒಂದು ಅಂಕಿ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಿದರೆ ಮುಕ್ಕಾಲು ಪ್ರಶ್ನೆ ಮುಗಿಯುತ್ತವೆ.

ಒಂದು ಉದಾಹರಣೆ ಕಟ್ಟೋಣ. ರಾಜ್ಯ ಸರ್ಕಾರದ ಒಬ್ಬ ಶಿಕ್ಷಕಿ. ಕೊನೆಯ ಮೂಲ ವೇತನ 60,000 ರೂಪಾಯಿ, ಸೇವೆ 30 ವರ್ಷ ತುಂಬಿದೆ. ಪೂರ್ಣ ಪಿಂಚಣಿ ಅಂದರೆ ಅದರ ಅರ್ಧ, 30,000. ಸೇವೆ 24 ವರ್ಷ ಮಾತ್ರ ಆಗಿದ್ದರೆ? 30 ವರ್ಷಕ್ಕೆ 30,000 ಆದರೆ 24 ವರ್ಷಕ್ಕೆ 24,000. ನಿಮ್ಮ ಕೈಪಿಡಿಯಲ್ಲಿ ಇದನ್ನೇ "ಅರ್ಹತಾದಾಯಕ ಸೇವೆಯ ಅರ್ಧವಾರ್ಷಿಕ ಅವಧಿಗಳು" ಅಂತ ಬರೆದಿರುತ್ತೀರಿ. ಕಾಗದದ ಮೇಲೆ ಅದು ಸರಿ. ಕಿವಿಗೆ ಹೋಗಲ್ಲ. ನಮ್ಮ ರಾಜ್ಯದಲ್ಲಿ ಮೊದಲು ಪೂರ್ಣ ಪಿಂಚಣಿಗೆ 33 ವರ್ಷ ಬೇಕಿತ್ತು, ಆಮೇಲೆ 30ಕ್ಕೆ ಇಳಿಸಿದರು. ಹಳೆಯ ನಿವೃತ್ತರೂ ಹೊಸಬರೂ ಕಟ್ಟೆ ಮೇಲೆ ಕೂತು ಜಗಳ ಆಡುವುದು ಇದಕ್ಕೇ. ಇಬ್ಬರ ಮಾತೂ ಅವರವರ ಕಾಲಕ್ಕೆ ಸರಿ.

ಈಗ ನಿಜವಾದ ಗಂಟು: ಕಮ್ಯುಟೇಷನ್. ಕನ್ನಡದಲ್ಲಿ ಪಿಂಚಣಿ ಪರಿವರ್ತನೆ ಅಂತಾರೆ. ಈ ಎರಡೂ ಪದದಿಂದ ಯಾರಿಗೂ ಏನೂ ತಿಳಿಯಲ್ಲ. ನಾನು ಹೇಳೋದು ಹೀಗೆ: "ಮುಂದಿನ 15 ವರ್ಷದ ಪಿಂಚಣಿಯಲ್ಲಿ ಒಂದು ಪಾಲನ್ನು ಇವತ್ತೇ ಇಡಿಗಂಟಾಗಿ ತಗೊಂಡಿದ್ದೀರಿ. ಅದಕ್ಕೇ ತಿಂಗಳು ತಿಂಗಳು ಆ ಪಾಲು ಮುರಿಯುತ್ತಾರೆ."

ನಮ್ಮ ರಾಜ್ಯದಲ್ಲಿ ಹೀಗೆ ಮಾರಬಹುದಾದದ್ದು ಪಿಂಚಣಿಯ ಮೂರನೇ ಒಂದು ಪಾಲಿನ ತನಕ. ನಮ್ಮ ಶಿಕ್ಷಕಿ ಪೂರ್ತಿ ಪಾಲು ಮಾರಿದ್ದಾರೆ ಅನ್ನೋಣ. 30,000ದಲ್ಲಿ 10,000 ಹೋಯಿತು, ಉಳಿದಿದ್ದು 20,000. ಕೈಗೆ ಬರುವ ಇಡಿಗಂಟು ಎಷ್ಟು ಅನ್ನೋದನ್ನು ವಯಸ್ಸಿನ ಪಟ್ಟಿ ನೋಡಿ ಲೆಕ್ಕ ಹಾಕುತ್ತಾರೆ. ಇಲ್ಲಿ ಜನರಿಗೆ ಯಾರೂ ಹೇಳದ ಮೂರು ಮಾತಿವೆ.

ಮೊದಲನೆಯದು ತುಟ್ಟಿಭತ್ಯೆ. ಅದನ್ನು ಉಳಿದ 20,000ದ ಮೇಲಲ್ಲ, ಪೂರ್ತಿ 30,000ದ ಮೇಲೆ ಕೊಡುತ್ತಾರೆ. ಪಾಲು ಮಾರಿದ್ದರಿಂದ ತುಟ್ಟಿಭತ್ಯೆಗೆ ಪೆಟ್ಟಿಲ್ಲ. ಇದನ್ನು ಹೇಳಿದ ತಕ್ಷಣ ಪಾಸ್‌ಬುಕ್ಕಿನ ಅಂಕಿ ತಾಳೆ ಆಗುತ್ತೆ. ಅಲ್ಲಿಯವರೆಗೆ ಎಷ್ಟು ಸಲ ಕೂಡಿಸಿ ಕಳೆದರೂ ತಾಳೆ ಆಗಲ್ಲ. "ಬ್ಯಾಂಕಿನವರು ತಪ್ಪು ಮಾಡಿದ್ದಾರೆ" ಅಂತ ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರ ಗೊಂದಲ ಇದೊಂದೇ ಆಗಿತ್ತು.

ಇನ್ನೊಂದು, ಆ 10,000 ಕಾಯಂ ಆಗಿ ಹೋದದ್ದಲ್ಲ. ಕಡಿತ ಶುರುವಾದ ತಿಂಗಳಿಂದ 15 ವರ್ಷ ತುಂಬಿದ ಮೇಲೆ ಮತ್ತೆ ಪೂರ್ತಿ 30,000 ಬರಬೇಕು. ಈ ತಾರೀಖು ಯಾರ ನೆನಪಿನಲ್ಲೂ ಇರುವುದಿಲ್ಲ. ಅರವತ್ತಕ್ಕೆ ನಿವೃತ್ತಿ ಅಂದರೆ ಎಪ್ಪತ್ತೈದರ ಆಸುಪಾಸು. ಆ ವಯಸ್ಸಿನಲ್ಲಿ ಕಡತ ಹುಡುಕುವವರು ಯಾರು? ಅದಕ್ಕೇ ನಿಮ್ಮ ಹಾಳೆಯಲ್ಲಿ ಒಂದು ಖಾಲಿ ಗೆರೆ ಬಿಡಿ: "ನನ್ನ ಕಡಿತ ಮುಗಿಯುವ ತಿಂಗಳು: ______". ಹಾಳೆ ಕೊಡುವಾಗ ನೀವೇ ಪಿಪಿಒ (ಪಿಂಚಣಿ ಪಾವತಿ ಆದೇಶ) ನೋಡಿ ಪೆನ್ನಿನಲ್ಲಿ ತುಂಬಿಸಿ ಕೊಡಿ. ಆ ತಿಂಗಳು ಪಿಂಚಣಿ ಏರದಿದ್ದರೆ ಬ್ಯಾಂಕಿಗೆ, ಖಜಾನೆಗೆ ಅರ್ಜಿ ಬರೆಯಬೇಕು ಅಂತಲೂ ಸೇರಿಸಿ.

ಕೊನೆಯದು, ಪಿಂಚಣಿದಾರರು 15 ವರ್ಷದೊಳಗೆ ತೀರಿಕೊಂಡರೆ ಉಳಿದ ಕಡಿತವನ್ನು ಹೆಂಡತಿಯ ಅಥವಾ ಗಂಡನ ಕುಟುಂಬ ಪಿಂಚಣಿಯಿಂದ ಮುರಿಯುವುದಿಲ್ಲ. ಈ ಹೆದರಿಕೆಗೇ ಎಷ್ಟೋ ಮಂದಿ ಪಾಲು ಮಾರಲು ಹಿಂಜರಿಯುತ್ತಾರೆ. ಮಾರಬೇಕೋ ಬೇಡವೋ ಅನ್ನೋದು ಅವರ ಮನೆ ಲೆಕ್ಕ, ಮಗಳ ಮದುವೆ, ಸೈಟು, ಸಾಲ ನೋಡಿ ಅವರೇ ತೀರ್ಮಾನಿಸಲಿ. ಸುಳ್ಳು ಹೆದರಿಕೆ ಮಾತ್ರ ಬೇಡ.

ಕುಟುಂಬ ಪಿಂಚಣಿ ಬಗ್ಗೆ ಮಾತಾಡುವಾಗ ದನಿ ಸ್ವಲ್ಪ ತಗ್ಗಿಸಬೇಕು. ಕೇಳುವವರು ದುಃಖದಲ್ಲಿ ಇರುತ್ತಾರೆ. ಮನೆಯವರು ತೀರಿಕೊಂಡ ಮೇಲೆ ಬರುವ ಹೆಣ್ಣುಮಗಳಿಗೆ ಮೊದಲ ಪೆಟ್ಟು ಸಾವು, ಎರಡನೇ ಪೆಟ್ಟು ಅಂಕಿ. "30,000 ಬರ್ತಿತ್ತು, ಈಗ ಯಾಕ್ರಿ ಇಷ್ಟೇ?" ಮಾಮೂಲಿ ಕುಟುಂಬ ಪಿಂಚಣಿ ಕೊನೆಯ ಮೂಲ ವೇತನದ ಶೇ. 30. ನಮ್ಮ ಉದಾಹರಣೆಯಲ್ಲಿ 18,000, ಮೇಲೆ ತುಟ್ಟಿಭತ್ಯೆ. ಶುರುವಿನ ಕೆಲವು ವರ್ಷ ಹೆಚ್ಚಿನ ದರ ಸಿಗುವ ಸಂದರ್ಭಗಳೂ ಇವೆ. ಆ ಹೆಚ್ಚಿನ ದರ ಮುಗಿಯುವ ತಾರೀಖೂ ಆಕೆಗೆ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಮೂರನೇ ಪೆಟ್ಟು. ಗಂಡ ಬದುಕಿದ್ದಾಗಲೇ ಇಬ್ಬರನ್ನೂ ಕೂರಿಸಿ ಈ ಅಂಕಿ ಹೇಳಿ. ನಮ್ಮ ಕಡೆ ಗಂಡಸರು ಈ ಮಾತು ಬಂದರೆ "ಅಪಶಕುನ ಬೇಡ ಬಿಡ್ರಿ" ಅಂತ ಎದ್ದು ಹೋಗುತ್ತಾರೆ. ಹೋಗಲಿ ಬಿಡಿ. ಅಮ್ಮನವರಿಗೆ ಹೇಳಿ. ಪಿಪಿಒದಲ್ಲಿ ಆಕೆಯ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ, ಹುಟ್ಟಿದ ತಾರೀಖು ಸರಿ ಇದೆಯಾ ಅಂತ ಅವತ್ತೇ ನೋಡಿಕೊಳ್ಳಲಿ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ನಮ್ಮ ಭಾಗದಲ್ಲಿ ಇದು ಮಾಮೂಲು. ಇಬ್ಬರೂ ಇರುವಾಗ ತಿದ್ದಿಸುವುದು ಒಂದು ಅರ್ಜಿಯ ಕೆಲಸ. ಒಬ್ಬರು ಹೋದ ಮೇಲೆ ಅಫಿಡವಿಟ್, ಸಾಕ್ಷಿ, ಅಲೆದಾಟ.

ಇನ್ನು ಪದಗಳ ವಿಚಾರ. ನಮ್ಮ ಕಡೆ "ಪಗಾರ" ಅನ್ನೋ ಒಂದು ಪದ ಎಲ್ಲವನ್ನೂ ಹೊರುತ್ತೆ. ನೌಕರಿಯ ಸಂಬಳವೂ ಪಗಾರ. ನಿವೃತ್ತರ ಪಿಂಚಣಿಯೂ ಪಗಾರ. ಸಂಧ್ಯಾ ಸುರಕ್ಷಾದ 1,200 ರೂಪಾಯಿಯೂ "ಮುದುಕರ ಪಗಾರ". ಉರ್ದು ಮಾತಾಡುವ ಹಿರಿಯರು ವಜೀಫಾ ಅನ್ನುತ್ತಾರೆ. ಸೇಡಂನ ಗಡಿ ಹಳ್ಳಿಗಳಲ್ಲಿ ತೆಲುಗಿನಲ್ಲಿ ಕೇಳುತ್ತಾರೆ. ಹಾಗಿರುವಾಗ "ಪಿಂಚಣಿ ಮಾಹಿತಿ ಶಿಬಿರ" ಅಂತ ಬೋರ್ಡ್ ಹಾಕಿದರೆ ಏನಾಗುತ್ತೆ? ಅರ್ಧ ಜನ ವೃದ್ಧಾಪ್ಯ ವೇತನ ಕೇಳಲು ಬರುತ್ತಾರೆ. ಅವರು ಹೋಗಬೇಕಾದದ್ದು ನಾಡಕಚೇರಿಗೆ. ಬಿಸಿಲಲ್ಲಿ ಬಸ್ ಹತ್ತಿ ಬಂದ ಮುದುಕಿಗೆ "ಇಲ್ಲಲ್ಲ, ಅಲ್ಲಿ" ಅನ್ನುವ ಪಾಪ ನಮಗ್ಯಾಕೆ? ಬೋರ್ಡಿನಲ್ಲೇ ಬರೆಯಿರಿ: "ಸರ್ಕಾರಿ ನೌಕರಿ ಮಾಡಿ ನಿವೃತ್ತರಾದವರಿಗೆ ಮತ್ತು ಅವರ ಮನೆಯವರಿಗೆ."

ಆದರೆ ಹಾಗೆ ಬರೆದರೂ ಒಂದು ಗುಂಪು ಸಿಕ್ಕಿಹಾಕಿಕೊಳ್ಳುತ್ತೆ. ಸಾರಿಗೆ ನಿಗಮದ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳು. ಕಲ್ಯಾಣ ಕರ್ನಾಟಕ ಸಾರಿಗೆಯ ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇರೋದರಿಂದ ನಮ್ಮಲ್ಲಿ ಅವರ ಸಂಖ್ಯೆ ಜಾಸ್ತಿ. ಊರಿನ ಕಣ್ಣಿಗೆ ಅದು ಸರ್ಕಾರಿ ನೌಕರಿ. ಪಿಂಚಣಿ ಮಾತ್ರ ಭವಿಷ್ಯನಿಧಿಯ ಇಪಿಎಸ್-95 ಯೋಜನೆಯಿಂದ ಬರುತ್ತೆ. ಸಿಮೆಂಟ್ ಕಾರ್ಖಾನೆಯ ಕಾರ್ಮಿಕರಿಗೂ ಅದೇ. ಅದರ ಲೆಕ್ಕವೇ ಬೇರೆ. ಕನಿಷ್ಠ 10 ವರ್ಷ ಸೇವೆ ಬೇಕು. 58 ತುಂಬಿದರೆ ಪಿಂಚಣಿ. ಲೆಕ್ಕಕ್ಕೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಅಲ್ಲಿಯೇ ಗುಟ್ಟು ಇರೋದು. ನೀವು 50,000 ತಗೊಂಡಿದ್ದರೂ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವ ಸಂಬಳ 15,000 ಮಾತ್ರ. ಅದೂ 2014ರ ಸೆಪ್ಟೆಂಬರ್ 1ರಿಂದ ಈಚೆಗೆ. ಅದಕ್ಕಿಂತ ಹಿಂದಿನ ಸೇವೆಗೆ 6,500.

1996ರ ಸೆಪ್ಟೆಂಬರ್‌ನಲ್ಲಿ ಸೇರಿ 2024ರ ಆಗಸ್ಟ್‌ನಲ್ಲಿ 58 ತುಂಬಿದ ಒಬ್ಬ ಡ್ರೈವರ್ ಅನ್ನಿ. ಹಿಂದಿನ 18 ವರ್ಷಕ್ಕೆ 6,500 ಗುಣಿಸು 18, ಭಾಗಿಸು 70. ಅದು 1,671. ಈಚಿನ 10 ವರ್ಷಕ್ಕೆ 15,000 ಗುಣಿಸು 10, ಭಾಗಿಸು 70. ಅದು 2,143. ಎರಡೂ ಸೇರಿ 3,814. ಇಪ್ಪತ್ತು ವರ್ಷ ಸೇವೆ ದಾಟಿದವರಿಗೆ ಇನ್ನೆರಡು ವರ್ಷ ಸೇರಿಸಿಕೊಡುತ್ತಾರೆ, ಅದರಿಂದ ಸ್ವಲ್ಪ ಏರುತ್ತೆ. ಅಷ್ಟೇ. ತುಟ್ಟಿಭತ್ಯೆ ಇಲ್ಲ. 28 ವರ್ಷ ಬಸ್ ಓಡಿಸಿದವನಿಗೆ ಈ ಅಂಕಿ ಹೇಳುವುದು ಸುಲಭದ ಮಾತಲ್ಲ. ಹಾಗಂತ ಮುಚ್ಚಿಟ್ಟರೆ ಪ್ರಯೋಜನವೂ ಇಲ್ಲ. ನಿವೃತ್ತಿಗೆ ಐದು ವರ್ಷ ಮೊದಲೇ ಹೇಳಿದರೆ ಅವನು ಬೇರೆ ಏನಾದರೂ ಕೂಡಿಡಬಹುದು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ತಿಳಿದರೆ? ಸ್ಪಷ್ಟವಾಗಿ ಹೇಳೋದು ಅಂದರೆ ಸಿಹಿಯಾಗಿ ಹೇಳೋದು ಅಂತ ಬಹಳ ಜನ ತಿಳಿದಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ.

2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರದ್ದು ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ಇಲ್ಲಿ ನೇಮಕವಾದ ಹುಡುಗ ಹುಡುಗಿಯರೆಲ್ಲ ಇದರಲ್ಲೇ. ಇವರಿಗೆ ಬೇರೆ ಹಾಳೆ ಮಾಡಿ, ಹಳೆಯವರ ಹಾಳೆಯಲ್ಲಿ ತುರುಕಬೇಡಿ. ಹೇಳಬೇಕಾದದ್ದು ಸ್ವಲ್ಪವೇ: ಇಲ್ಲಿ "ಕೊನೆಯ ಸಂಬಳದ ಅರ್ಧ" ಅನ್ನೋ ಭರವಸೆ ಇಲ್ಲ. ನಿಮ್ಮ ಸಂಬಳದಿಂದ ಶೇ. 10, ಸರ್ಕಾರದಿಂದ ಶೇ. 14 ನಿಮ್ಮ ಪ್ರಾನ್ ಖಾತೆಗೆ (ಎನ್‌ಪಿಎಸ್‌ನಲ್ಲಿ ನಿಮ್ಮ ಹೆಸರಿನ ಕಾಯಂ ಖಾತೆ) ಹೋಗುತ್ತೆ. ನಿವೃತ್ತಿ ಆದಾಗ ಶೇ. 60ರ ತನಕ ಕೈಗೆ, ಕನಿಷ್ಠ ಶೇ. 40ರಲ್ಲಿ ತಿಂಗಳ ಪಿಂಚಣಿ ಕೊಡುವ ಪಾಲಿಸಿ. ಪ್ರಾನ್ ಖಾತೆಯ ವಿವರವನ್ನು ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಿ, ಯಾವ ತಿಂಗಳಾದರೂ ಜಮಾ ತಪ್ಪಿದೆಯಾ ಅಂತ.

ವಾಡಿ, ಶಹಾಬಾದ್ ಕಡೆ ರೈಲ್ವೆ ನಿವೃತ್ತರೂ ಇದ್ದಾರೆ, ಅಲ್ವಾ? ಅವರದ್ದು ಕೇಂದ್ರದ ನಿಯಮ. ಅವರು ಪಿಂಚಣಿಯ ಶೇ. 40ರ ತನಕ ಮಾರಬಹುದು. ಪಕ್ಕದ ಮನೆಯ ರೈಲ್ವೆ ಅಜ್ಜನ ಪಾಸ್‌ಬುಕ್ ನೋಡಿ ನಿಮ್ಮ ಶಿಕ್ಷಕರು "ನಂಗ್ಯಾಕಿಲ್ಲ?" ಅಂತ ಕೇಳೋದು ಇದಕ್ಕೇ. ನಿಮ್ಮ ಹಾಳೆಯ ತಲೆಯ ಮೇಲೆ "ಇದು ರಾಜ್ಯ ಸರ್ಕಾರದ ನಿವೃತ್ತರಿಗೆ ಮಾತ್ರ" ಅಂತ ಒಂದು ಸಾಲು ಹಾಕಿದರೆ ಸಾಕು.

ಸರ್ಕಾರಿ ಆದೇಶದ ಪದಗಳನ್ನು ಹಾಗೇ ಎತ್ತಿ ಹಾಕಬೇಡಿ. ಒಂದೇ ಒಂದು ಪದ ಎಷ್ಟು ಗಲಾಟೆ ಎಬ್ಬಿಸುತ್ತೆ ಅಂತ 7ನೇ ವೇತನ ಆಯೋಗದ ಸಮಯದಲ್ಲಿ ನೋಡಿದ್ದೀರಿ. ಹೊಸ ವೇತನ 2022ರ ಜುಲೈ 1ರಿಂದ "ಕಾಲ್ಪನಿಕವಾಗಿ" ಜಾರಿ, ಹಣದ ಲಾಭ 2024ರ ಆಗಸ್ಟ್ 1ರಿಂದ. ಆ ಪದ ಓದಿದ ಒಬ್ಬ ನಿವೃತ್ತರು ನನಗೆ ಫೋನ್ ಮಾಡಿ, "ಅಂದ್ರ ನಮ್ಮ ಪಗಾರ ಬರೀ ಕಲ್ಪನೆ ಏನ್ರಿ?" ಅಂದರು. ನಗು ಬಂತು, ಆದರೆ ಅವರು ತಮಾಷೆ ಮಾಡುತ್ತಿರಲಿಲ್ಲ. ಬಿಡಿಸಿ ಹೇಳಿದರೆ ಎರಡೇ ಸಾಲು: "2022ರ ಜುಲೈಯಿಂದ ನಿಮ್ಮ ಸಂಬಳ ಏರಿದೆ ಅಂತ ಕಾಗದದಲ್ಲಿ ಲೆಕ್ಕ ಹಾಕುತ್ತಾರೆ. ಏರಿದ ರೊಕ್ಕ ಕೈಗೆ ಬರೋದು 2024ರ ಆಗಸ್ಟ್‌ನಿಂದ, ನಡುವಿನ 25 ತಿಂಗಳಿನ ಬಾಕಿ ಇಲ್ಲ." ಕೊನೆಯ ತುಂಡು ಕಹಿ. ಅದನ್ನು ಬಿಟ್ಟರೆ ಜನ ಆ ಬಾಕಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ.

ನಿವೃತ್ತಿಯ ಹೊತ್ತಿನಲ್ಲಿ ಬರುವ ಇಡಿಗಂಟುಗಳ ಬಗ್ಗೆ ನಿಯಮಕ್ಕಿಂತ ಬಾಗಿಲು ಹೇಳಿ. ಯಾವ ರೊಕ್ಕ ಯಾವ ಬಾಗಿಲಿಂದ ಬರುತ್ತೆ ಅಂತ. ಪಿಂಚಣಿ, ಗ್ರಾಚ್ಯುಟಿ, ಕಮ್ಯುಟೇಷನ್ ಆದೇಶಗಳು ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ ಖಜಾನೆಗೆ ಬರುತ್ತವೆ. ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ವಿಮೆಗೆ ಕೆಜಿಐಡಿ ಜಿಲ್ಲಾ ಕಚೇರಿ. ಗಳಿಕೆ ರಜೆಯ ನಗದು, ಹೆಚ್ಚೆಂದರೆ 300 ದಿನದ್ದು, ನೀವು ಕೆಲಸ ಮಾಡಿದ ಕಚೇರಿಯಿಂದಲೇ. ಇದು ತಿಳಿಯದೆ ಜನ ಎಲ್ಲದಕ್ಕೂ ಖಜಾನೆಯ ಕಿಟಕಿಯಲ್ಲೇ ನಿಲ್ಲುತ್ತಿದ್ದರು. ಗಳಿಕೆ ರಜೆಯ ದುಡ್ಡು ಯಾಕೆ ಬರಲಿಲ್ಲ ಅಂತ ನನ್ನನ್ನು ಬೈದವರು ಎಷ್ಟೋ ಮಂದಿ. ಬಿಲ್ಲೇ ಅವರ ಕಚೇರಿಯಿಂದ ಹೊರಟಿರುತ್ತಿರಲಿಲ್ಲ.

ಜೊತೆಗೆ ನಮ್ಮ ಭಾಗದ್ದೇ ಆದ ಒಂದು ಸಾಲು ಬೇಕು. ಏಪ್ರಿಲ್, ಮೇ ಬಿಸಿಲಿಗೆ ಇಲ್ಲಿ ಸರ್ಕಾರಿ ಕಚೇರಿಗಳ ಸಮಯ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ಊಟ ಮುಗಿಸಿ ಆರಾಮಾಗಿ ಬಂದವರು ಬೀಗ ನೋಡಿ ವಾಪಸ್ ಹೋಗುತ್ತಾರೆ. ಬೆಂಗಳೂರಿನಲ್ಲಿ ಕೂತು ಕೈಪಿಡಿ ಬರೆಯುವವರಿಗೆ ಇದು ಹೊಳೆಯಲ್ಲ, ನೀವು ಹಾಕಿ.

ಜೀವಿತ ಪ್ರಮಾಣಪತ್ರಕ್ಕೆ ಚಹಾದ ಹುಡುಗನ ಸಾಲೇ ಇರಲಿ. ಬೆರಳು ಸವೆದು ಯಂತ್ರ ಹಿಡಿಯದವರಿಗೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು ಅಂತ ಸೇರಿಸಿ. ಇಪಿಎಸ್‌ನವರಿಗೆ ನವೆಂಬರೇ ಆಗಬೇಕಿಲ್ಲ. ವರ್ಷದಲ್ಲಿ ಯಾವಾಗ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತೆ. ಇನ್ನೊಂದು, ಖಜಾನೆಯವರು ಫೋನ್ ಮಾಡಿ ಒಟಿಪಿ ಕೇಳಲ್ಲ. ನವೆಂಬರ್ ಬಂತೆಂದರೆ ಕಳ್ಳರಿಗೂ ಸುಗ್ಗಿ.

ಎಲ್ಲ ಸೇರಿ ಒಂದು ಹಾಳೆ, ಎರಡು ಮಗ್ಗುಲು. ಅಕ್ಷರ ದಪ್ಪ ಇರಲಿ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರೂ ಓದುವಷ್ಟು. ಅದನ್ನೇ ನಿಮ್ಮ ದನಿಯಲ್ಲಿ ಓದಿ ವಾಟ್ಸಾಪ್‌ಗೆ ಹಾಕಿ. ಮೂವತ್ತು ವರ್ಷ ಪಾಠ ಹೇಳಿದ ಗಂಟಲು ಅದು, ಮುದ್ರಿತ ಹಾಳೆಗಿಂತ ದೂರ ಹೋಗುತ್ತೆ. ಉರ್ದು, ತೆಲುಗಿನಲ್ಲಿ ಹೇಳಲು ಬಳಗದಲ್ಲೇ ಯಾರಾದರೂ ಇದ್ದೇ ಇರುತ್ತಾರೆ.

ಅಚ್ಚಿಗೆ ಕೊಡುವ ಮೊದಲು ಒಂದು ಕೆಲಸ. ಮೂವರನ್ನು ಕರೆಯಿರಿ. ಒಬ್ಬರು ನಿವೃತ್ತ ಶಿಕ್ಷಕರು, ಒಬ್ಬರು ಡಿ ದರ್ಜೆಯ ನಿವೃತ್ತರು, ಒಬ್ಬರು ಕುಟುಂಬ ಪಿಂಚಣಿ ತಗೊಳ್ಳುವ ಅಮ್ಮ. ಹಾಳೆ ಕೊಟ್ಟು ಹತ್ತು ನಿಮಿಷ ಸುಮ್ನೆ ಕೂತಿರಿ, ವಿವರಿಸಬೇಡಿ. ಆಮೇಲೆ "ತಿಳಿಯಿತಾ?" ಅಂತ ಕೇಳಬೇಡಿ. ಮಾಸ್ತರು ಕೇಳಿದರೆ ಎಲ್ಲರೂ "ಹೌದ್ರಿ" ಅನ್ನುತ್ತಾರೆ, ನಿಮಗೇ ಗೊತ್ತಲ್ಲ. "ನಿಮ್ಮ ಪಗಾರ ಯಾವ ವರ್ಷ ಏರ್ತದ? ರೊಕ್ಕ ನಿಂತರ ಮೊದಲು ಎಲ್ಲಿಗೆ ಹೋಗ್ತೀರಿ?" ಅಂತ ಕೇಳಿ. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಅವರ ಎದುರೇ ಹೊಡೆದುಹಾಕಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ಆ ತಿದ್ದಿದ ಕರಡು ನನಗೂ ಒಂದು ಕಳಿಸಿ. ಅಂಕಿಗಳನ್ನು ನಾನು ಒಮ್ಮೆ ನೋಡಿ ಕೊಡುತ್ತೇನೆ.